ಮಾವನವರ ಲೆವೆಲ್ ಗಾಡಿ

ಮೊನ್ನೆ ಸಿಹಿಗುಂಬಳ ಹೆಚ್ಚುವಾಗ ನಮ್ಮ ಮನೆಯ ಈಳಿಗೆಮಣೆ ಎರಡು ಹೋಳಾಯಿತು. ಹೋಳಾಗಬೇಕಾದದ್ದು ಕುಂಬಳಕಾಯಿ. ನಾನು ಮಣೆಯ ಮೇಲೆ ಕಾಲಿಟ್ಟು, ಕಾಯಿಯನ್ನು ಎರಡೂ ಕೈಯಲ್ಲಿ ಹಿಡಿದು ಮೈಭಾರವೆಲ್ಲ ಬಿಟ್ಟೆ. ಟಪ್ ಎಂದಿತು. ನೋಡಿದರೆ ಕಾಯಿ ಹಾಗೇ ಇದೆ, ಮಣೆ ಸೀಳಿದೆ. ಮೈಭಾರ ಎಷ್ಟು ಎಂದು ನೀವು ಕೇಳಬಾರದು, ನಾನು ಹೇಳಬಾರದು. ಮರಕ್ಕೆ ಮೂವತ್ತು ವರ್ಷದ ಮೇಲಾಗಿತ್ತು, ಒಳಗೆ ಗೆದ್ದಲು ಹಿಡಿದಿತ್ತು ಎಂದಷ್ಟೇ ತಿಳಿದುಕೊಳ್ಳಿ.

ಕಬ್ಬಿಣಕ್ಕೆ ಮಾತ್ರ ಏನೂ ಆಗಿರಲಿಲ್ಲ. ಅದು ಅಂಗಡಿಯಲ್ಲಿ ಕೊಂಡ ಈಳಿಗೆಯಲ್ಲ. ಒಂದು ಕಾಲದಲ್ಲಿ ಅದು ಪಿಕಪ್ ಗಾಡಿಯ ಪಾಟಾ ಆಗಿತ್ತು. ಪಾಟಾ ಎಂದರೆ ಗಾಡಿಯ ಅಚ್ಚಿನ ಮೇಲೆ ಬಿಲ್ಲಿನಂತೆ ಬಾಗಿ, ಒಂದರ ಮೇಲೊಂದು ಕೂತು, ರಸ್ತೆಯ ಏಟನ್ನೆಲ್ಲ ಮೇಲಿನವರಿಗೆ ಮುಟ್ಟದಂತೆ ತಾವೇ ನುಂಗುವ ಉಕ್ಕಿನ ಪಟ್ಟಿಗಳು. ಮನೆಗಳಲ್ಲಿ ಆ ಕೆಲಸಕ್ಕೆ ಸೊಸೆಯಂದಿರಿರುತ್ತಾರೆ.

ಈ ಈಳಿಗೆಯನ್ನು ಮಾಡಿಸಿ ಕೊಟ್ಟವರು ನನ್ನ ಮಾವ. ಕೊಡುವಾಗ ಅವರು ಆಡಿದ ಒಂದು ಮಾತು ಇಷ್ಟು ವರ್ಷ ನನ್ನ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಮಾವ ತೀರಿಕೊಂಡು ಎಷ್ಟೋ ವರ್ಷವಾದ ಮೇಲೂ ಆ ಮುಳ್ಳು ಇತ್ತು. ಆ ಮಾತು ಏನೆಂದು ಆಮೇಲೆ ಹೇಳುತ್ತೇನೆ. ಮೊದಲು ಮಾವ ಎಂಥವರು ಎಂಬುದು ನಿಮಗೆ ಗೊತ್ತಾಗಬೇಕು.

ಗುರುರಾಯರು ಕಾಲುವೆ ಇಲಾಖೆಯಲ್ಲಿ ಸೂಪರ್‌ವೈಸರ್ ಆಗಿದ್ದು ನಿವೃತ್ತರಾದವರು. ಹೊಸಪೇಟೆಯಲ್ಲಿ ಆ ಹೆಸರು ಹೇಳಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ‘ಲೆವೆಲ್ ರಾಯರು’ ಎಂದರೆ ಜಟಕಾದವನೂ ಸೀದಾ ಮನೆಗೆ ತಂದು ಬಿಡುತ್ತಿದ್ದ. ಮೂರು ಕಾಲಿನ ಮೇಲೆ ದುರ್ಬೀನು ಕೂರಿಸಿ, ದೂರದಲ್ಲಿ ಅಳತೆಕೋಲು ನಿಲ್ಲಿಸಿ, ಒಂದು ಕಣ್ಣು ಮುಚ್ಚಿ ನೆಲದ ಏರುತಗ್ಗು ನೋಡುವುದು ಅವರ ಜೀವಮಾನದ ಕೆಲಸ. ಒಂದಿಂಚು ಇಳಿಜಾರು ಸಿಕ್ಕರೆ ನೀರು ಗದ್ದೆಗೆ ಹೋಗುತ್ತದೆ, ಒಂದಿಂಚು ಏರು ಬಂದರೆ ಅಲ್ಲೇ ನಿಂತುಬಿಡುತ್ತದೆ. ಹಾಗಾಗಿ ಒಂದಿಂಚು ಎಂದರೆ ಅವರಿಗೆ ಪ್ರಾಣ. ಗೋಡೆಯ ಕ್ಯಾಲೆಂಡರು ಓರೆಯಾಗಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ನೆಂಟರನ್ನು ಹಂಪಿಗೆ ಕರೆದುಕೊಂಡು ಹೋದರೆ ಅವರು ಗುಡಿಗಳನ್ನೆಲ್ಲ ಸುತ್ತಿ ಬರುವಷ್ಟರಲ್ಲಿ ಇವರು ಗುಡ್ಡದ ಮೇಲೆ ಸೊಟ್ಟಗೆ ಕೂತ ಬಂಡೆಗಳನ್ನು ನೋಡಿ ನೋಡಿ ಸಂಕಟಪಡುತ್ತಿದ್ದರು.

ಇನ್ನೊಂದು ಚಾಳಿ ಇತ್ತು. ಕೈಕೆಳಗಿನವರು ಬರೆದ ಅಳತೆ ಸರಿಯಾಗಿದ್ದರೆ ಅದರ ಪಕ್ಕ ಒಂದು ಸರಿಗುರುತು ಎಳೆದು, ಕೆಳಗೆ ‘ಗು’ ಎಂದು ಸಹಿ ಹಾಕುವುದು. ಬಾಯಿ ಬಿಟ್ಟು ಶಹಬ್ಬಾಸ್ ಎಂದವರಲ್ಲ. ಅವರ ಮೆಚ್ಚುಗೆಯೆಲ್ಲ ಆ ಒಂದಕ್ಷರದಲ್ಲಿ. ನಿವೃತ್ತರಾದ ಮೇಲೂ ಕೈ ಸುಮ್ಮನಿರಲಿಲ್ಲ. ಹಾಲಿನ ಚೀಟಿಯ ಮೇಲೆ ‘ಗು’, ಸೀಮೆಎಣ್ಣೆ ಡಬ್ಬಿಯ ಮೇಲೆ ‘ಗು’, ಕಾಲೇಜು ಮೇಷ್ಟರಾಗಿದ್ದ ನನ್ನ ಗಂಡ ತಿದ್ದಿಟ್ಟ ಉತ್ತರಪತ್ರಿಕೆಯ ಮೇಲೂ ಒಮ್ಮೆ ‘ಗು’ ಬಿದ್ದು ಕಾಲೇಜಿನಲ್ಲಿ ದೊಡ್ಡ ಗಲಾಟೆಯಾಯಿತು. ನಮ್ಮತ್ತೆ ಸುಶೀಲಾಬಾಯಿ ಮಾತ್ರ ಆಗಾಗ ಗೊಣಗುತ್ತಿದ್ದರು: “ಸೀಮೆಎಣ್ಣಿ ಡಬ್ಬಿಗೆ ಸಹಿ ಅದ. ಇಷ್ಟು ವರ್ಷ ಬೇಯ್ಸಿ ಹಾಕಿದಾಕಿಗೆ ಒಂದು ಸಹಿ ಇಲ್ಲ ನೋಡು ಈ ಮನುಷ್ಯಾರ ಕಡಿಂದ.”

ನಾನು ಆ ಮನೆಗೆ ಸೊಸೆಯಾಗಿ ಬಂದದ್ದು ಎಂಬತ್ತರ ದಶಕದ ಶುರುವಿನಲ್ಲಿ. ನನ್ನ ತಂದೆಗೆ ಸಂಡೂರಿನಲ್ಲಿ ಅದಿರು ಹೊರುವ ಎರಡು ಲಾರಿ ಇದ್ದವು. ನಮ್ಮವರಲ್ಲಿ ಲಾರಿ ಇಟ್ಟವರೆಂದರೆ ಮೂಗು ಮುರಿಯುವ ಕಾಲ ಅದು. ಮದುವೆಯ ಮನೆಯಲ್ಲೇ ಯಾರೋ ಮುದುಕಿ ನನ್ನ ಕೈ ಹಿಡಿದು ನೋಡಿ, “ಗ್ರೀಸು ಹತ್ತಿಲ್ಲಲ್ಲಾ?” ಎಂದಿದ್ದಳು. ಅತ್ತೆ ಮೊದಲ ವಾರವೇ ಒಂದು ಕಡೆ ಕೂರಿಸಿಕೊಂಡು ಹೇಳಿದರು: “ನೋಡವ್ವಾ, ಗೇರು, ಟಾಯರು, ಪಾಟಾ-ಗೀಟಾ ಮಾತು ಈ ಮನ್ಯಾಗ ಬ್ಯಾಡ. ಜನಾ ಆಡ್ಕೋತಾರ.” ನಾನು ತಲೆಯಾಡಿಸಿದೆ. ಎಂಟು ವರ್ಷದವಳಿದ್ದಾಗಿನಿಂದ ಲಾರಿ ಶೆಡ್ಡಿನಲ್ಲಿ ಬೆಳೆದವಳಿಗೆ ಗೇರಿನ ಮಾತು ಬಿಟ್ಟರೆ ಬೇರೆ ಮಾತೇ ಬರುತ್ತಿರಲಿಲ್ಲ. ಹಾಗಾಗಿ ಆರು ತಿಂಗಳು ನಾನು ಬಹಳ ಗಂಭೀರ ಸೊಸೆ ಎಂದು ಹೆಸರು ಪಡೆದೆ.

ಮಾವನ ಜೊತೆ ಮಾತಾಡುವ ಪ್ರಶ್ನೆಯೇ ಇರಲಿಲ್ಲ. ಆಗಿನ ಪದ್ಧತಿಯಲ್ಲಿ ಮಾವ ಸೊಸೆಯೊಡನೆ ನೇರ ಮಾತಾಡುತ್ತಿರಲಿಲ್ಲ. ಪಡಸಾಲೆಯ ಕಂಬದೊಡನೆ ಆಡುತ್ತಿದ್ದರು. “ಯಾರರ ಒಂದು ಲೋಟ ನೀರು ಕೊಡ್ತಾರೇನು?” ಎಂದು ಕಂಬವನ್ನು ಕೇಳುವರು. ನಾನು ನೀರು ತಂದಿಟ್ಟರೆ, “ಸಾಕು” ಎಂದೂ ಕಂಬಕ್ಕೇ ಹೇಳುವರು. ನಾನು ಏನಾದರೂ ಹೇಳಬೇಕಾದರೆ ಅವರಿಗೆ ಕೇಳಿಸುವ ಹಾಗೆ ಅತ್ತೆಗೆ ಹೇಳಬೇಕು. ಆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ವಿಷಯ ಗೊತ್ತಿದ್ದದ್ದು ಆ ಕಂಬಕ್ಕೆ.

ಇಂಥಾ ಮಾವ ಇಲಾಖೆಯ ಹರಾಜಿನಲ್ಲಿ ಒಂದು ಹಳೆಯ ಪಿಕಪ್ ಹಿಡಿದರು. ಕಮಲಾಪುರದ ಹತ್ತಿರ ಕಾಲುವೆಯ ಕೆಳಗೆ ನಮ್ಮದೊಂದು ಬಾಳೆತೋಟವಿತ್ತು. ಗೊನೆಗಳನ್ನು ತಾವೇ ಹೊಸಪೇಟೆಯ ಪೇಟೆಗೆ ತರುವುದು ಅವರ ನಿವೃತ್ತಿಯ ಕನಸು. ತೋಟದ ದಾರಿ ಎಂದರೆ ಕಾಲುವೆಯ ಏರಿ. ಕಬ್ಬಿನ ಬಂಡಿಗಳು ಓಡಾಡಿ ಓಡಾಡಿ ಎರಡೂ ಕಡೆ ಮೊಣಕಾಲುದ್ದ ಜಾಡು ಬಿದ್ದು, ನಡುವೆ ಮಣ್ಣಿನ ದಿಬ್ಬ ಎದ್ದಿತ್ತು. ಜೀಪಾದರೆ ನಾಲ್ಕೂ ಗಾಲಿ ಎಳೆದುಕೊಂಡು ಹೇಗೋ ದಾಟುತ್ತದೆ. ಇದು ಹಿಂದಿನ ಎರಡೇ ಗಾಲಿ ಎಳೆಯುವ ಗಾಡಿ, ಸಾಲದ್ದಕ್ಕೆ ಪಾಟಾ ಸೋತು ಹೊಟ್ಟೆ ಜೋತುಬಿದ್ದಿತ್ತು. ಮೊದಲ ಸಲ ಹೋದಾಗಲೇ ಹೊಟ್ಟೆ ದಿಬ್ಬಕ್ಕೆ ತಗುಲಿ, ಗಾಲಿಗಳು ಗಾಳಿಯಲ್ಲಿ ತಿರುಗಿ, ಕೊನೆಗೆ ಎತ್ತು ಕಟ್ಟಿ ಎಳೆಸಿದರು. ಅತ್ತೆ ಅದಕ್ಕೆ ‘ಬಸರಿ ಎಮ್ಮಿ’ ಎಂದು ಹೆಸರಿಟ್ಟರು.

ಗಾಡಿ ಎತ್ತರಿಸಬೇಕು ಎಂದು ತೀರ್ಮಾನವಾಯಿತು. ಮೌಲಾಸಾಬ ಮೇಸ್ತ್ರಿ ಬಂದ. ಅವನನ್ನು ನೋಡಿ ನನ್ನ ಜೀವ ಹಾರಿತು; ಹಿಂದೆ ಸಂಡೂರಿನಲ್ಲಿ ನಮ್ಮ ತಂದೆಯ ಶೆಡ್ಡಿನಲ್ಲೇ ಕೆಲಸ ಕಲಿತವನು, ನನ್ನನ್ನು ಚಿಕ್ಕಂದಿನಿಂದ ಬಲ್ಲವನು. ಮಜ್ಜಿಗೆ ಕೊಡಲು ಹೋದಾಗ ಮೆಲ್ಲಗೆ, “ಏನ್ ತಂಗಿ, ಇಲ್ಲಿ ಬಂದ್ ಬಿದ್ದೀಯಲ್ಲ!” ಎಂದ. ನಾನು ಕಂಬದ ಕಡೆ ನೋಡಿಕೊಂಡು ಒಳಗೆ ಬಂದೆ.

ಮಾವ ಮೊದಲು ಅಂಗಳದಲ್ಲಿ ನಾಲ್ಕು ಗಾಲಿ ನಿಲ್ಲುವ ಜಾಗಕ್ಕೆ ಸುಣ್ಣದಿಂದ ಚೌಕ ಬರೆದರು. ಚೌಕದೊಳಗೆ ನನ್ನ ಗಂಡನ ಕೈಯಲ್ಲಿ ಅಳತೆಕೋಲು ಹಿಡಿಸಿ, ನೆಲವನ್ನೇ ದುರ್ಬೀನಿನಲ್ಲಿ ನೋಡಿ ಪುಸ್ತಕದಲ್ಲಿ ಬರೆದುಕೊಂಡರು. ಗಾಡಿ ರಿಪೇರಿಗೆ ನೆಲ ಯಾಕೆ ಅಳೆಯಬೇಕು ಎಂದು ನಾನು ಅಡಿಗೆಮನೆಯ ಕಿಟಕಿಯಲ್ಲಿ ಬಾಯಿಗೆ ಸೆರಗಿಟ್ಟುಕೊಂಡು ನಕ್ಕೆ.

ಮೌಲಾಸಾಬ ಜಾಕ್ ಕೊಟ್ಟು, ಮರದ ದಿಮ್ಮಿಗಳ ಮೇಲೆ ಗಾಡಿ ನಿಲ್ಲಿಸಿ, ನಾಲ್ಕೂ ಮೂಲೆಯ ಪಾಟಾ ಇಳಿಸಿದ. ಕುಲುಮೆಗೆ ಒಯ್ದು ಕಾಯಿಸಿ, ಬಡಿದು, ಸೋತ ಬಿಲ್ಲನ್ನು ಮತ್ತೆ ಬಾಗಿಸಿ ತಂದ. ಸೀಳಿದ್ದ ಪಟ್ಟಿ ತೆಗೆದು ಹೊಸದು ಹಾಕಿದ. ಭಾರ ಬೀಳುವುದು ಹಿಂದೆ ಎಂದು ಹಿಂದಿನ ಎರಡೂ ಕಡೆ ಒಂದೊಂದು ಪಟ್ಟಿ ಹೆಚ್ಚಿಗೆ ಸೇರಿಸಿದ. ಉದ್ದನೆಯ ಬೋಲ್ಟು, ಹೊಸ ಬುಷ್. ಮೂರನೇ ದಿನ ಗಾಡಿ ನೆಲಕ್ಕಿಳಿದಾಗ ನನ್ನ ಕಣ್ಣು ತುಂಬಿತು. ಹೊಟ್ಟೆ ಮೇಲೇರಿ, ಹಿಂಭಾಗ ತುಸು ಎದ್ದು, ನಮ್ಮ ಸಂಡೂರಿನ ಲಾರಿಯ ಹಾಗೆ ನಿಂತಿತ್ತು.

ಮಾವ ದುರ್ಬೀನು ತಂದರು. “ಹಿಂದ ಎರಡಿಂಚು ಏರು ಅದಲ್ಲೋ!”

“ಖಾಲಿ ಗಾಡಿ ಹಂಗಾ ಇರಬೇಕ್ರಿ ಸಾಹೇಬ್ರ. ಮಾಲ್ ಬಿದ್ದ ಮ್ಯಾಲೆ ಕುಂದುರ್ತೈತಿ, ಆವಾಗ ಸಮ ಆಗ್ತೈತಿ.”

“ಆಮ್ಯಾಲೆ ಆಗೋ ಲೆವೆಲ್ಲಿಗೆ ಈಗ ಸಹಿ ಹಾಕ್ಲೇನು? ಕಾಲುವಿ ಕಟ್ಟೋವಾಗ ನೀರು ಬಂದ ಮ್ಯಾಲೆ ಸಮ ಆಗ್ತದ ಅಂತ ಬಿಟ್ಟಿದ್ರ ನೀ ಇವತ್ತು ಅನ್ನ ಉಣ್ತಿದ್ದೇನು? ತಗಿ ಆ ಪಟ್ಟಿ.”

ನಾನು ತಡೆಯಲಾರದೆ, ಪದ್ಧತಿ ಬಿಡದೆ, ಅತ್ತೆಗೆ ಗಟ್ಟಿಯಾಗಿ ಹೇಳಿದೆ: “ಅತ್ಯಾರ, ಸಂಡೂರಾಗ ಎಲ್ಲಾ ಲಾರಿ ಖಾಲಿ ನಿಂತಾಗ ಹಿಂದ ಎದ್ದಿರ್ತಾವ್ರಿ.” ಅತ್ತೆ ಕಣ್ಣು ಬಿಟ್ಟರು. ಮಾವ ಕಂಬಕ್ಕೆ ಹೇಳಿದರು: “ಸಂಡೂರಿಗೆ ಬ್ಯಾರೆ ಭೂಮಿ ಕೊಟ್ಟಾನೇನು ದೇವರು?” ಅಲ್ಲಿಗೆ ಮುಗಿಯಿತು. ಪಟ್ಟಿಗಳನ್ನು ತೆಗೆದರು. ಗಾಡಿ ಖಾಲಿ ನಿಂತು ತಕ್ಕಡಿಯ ದಂಡಿಯ ಹಾಗೆ ಸಮವಾಯಿತು. ಮಾವ ಪುಸ್ತಕದಲ್ಲಿ ‘ಗು’ ಹಾಕಿದರು. ಮೌಲಾಸಾಬ ತನ್ನ ಎರಡು ಪಟ್ಟಿಯನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು, ದೇವರಿಗೆ ಕೈಮುಗಿದು ಹೋದ.

ಆ ಸೋಮವಾರ ತೋಟದಲ್ಲಿ ಗಾಡಿಗೆ ಗೊನೆ ತುಂಬಿದರು. ಭಾರ ಬಿದ್ದೊಡನೆ ಹಿಂದು ಕುಸಿದು ಮೂತಿ ಮೇಲೆದ್ದಿತು. ಮಾವ ಸ್ಟೇರಿಂಗು ಹಿಡಿದಿದ್ದರು, ನನ್ನ ಗಂಡ ಪಕ್ಕದಲ್ಲಿ. ಮುಂದಿನ ಗಾಲಿಗೆ ನೆಲದ ಹಿಡಿತವೇ ಇಲ್ಲ. ತೂಬಿನ ಹತ್ತಿರ ಏರಿ ಎಡಕ್ಕೆ ತಿರುಗುತ್ತದೆ. ಮಾವ ಎಡಕ್ಕೆ ತಿರುಗಿಸಿದರು. ಗಾಡಿ ನೆಟ್ಟಗೆ ಹೋಯಿತು. ಒಂದು ಜಾಲಿಗಿಡ ಅಡ್ಡ ನಿಂತಿದ್ದರಿಂದ ಉಳಿದರು. ಕೆಳಗೆ ಕಾಲುವೆ ತುಂಬಿ ಹರಿಯುತ್ತಿತ್ತು. ನನ್ನ ಗಂಡ ಅಂಗಿಯ ತುಂಬ ಮುಳ್ಳು ಚುಚ್ಚಿಸಿಕೊಂಡು, ಮುಖ ಸುಣ್ಣವಾಗಿ ಮನೆಗೆ ಬಂದರು. ಮಾವ ಕಂಬಕ್ಕೆ, “ಗೊನಿ ಹೊಂದಿಸಿದ್ದು ಸರಿ ಇದ್ದಿಲ್ಲ. ಗಾಡಿ ಲೆವೆಲ್ ಅದ,” ಎಂದರು. ಬರುವ ಶುಕ್ರವಾರ ಅದೇ ಗಾಡಿಯಲ್ಲಿ ಕಂಪ್ಲಿಗೆ ಹೋಗುವುದಿತ್ತು: ಅತ್ತೆಯ ತಂಗಿಯ ಮನೆಯಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯ, ಊಟಕ್ಕೆ ನಮ್ಮ ಬಾಳೆಹಣ್ಣು, ಮುಂದೆ ಅತ್ತೆ ಮಾವ, ಹಿಂದೆ ಗೊನೆಗಳ ಜೊತೆ ನಾವಿಬ್ಬರು.

ಇಲ್ಲಿ ನನಗೆ ನಗು ಬರುವುದಿಲ್ಲ. ನಮ್ಮ ತಂದೆಯ ಒಂದು ಲಾರಿ ಹೀಗೇ ಮುಂದಿನ ಭಾರ ತಪ್ಪಿ ತಿರುವಿನಲ್ಲಿ ಉರುಳಿತ್ತು. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಆಡಿಸುತ್ತಿದ್ದ ಡ್ರೈವರಣ್ಣ ಆಮೇಲೆ ಎದ್ದು ನಡೆದದ್ದನ್ನು ನಾನು ನೋಡಲಿಲ್ಲ. ಗಂಡನ ಬೆನ್ನಿನಿಂದ ಮುಳ್ಳು ಕೀಳುತ್ತ ಅಳು ಬಂತು. ಸೀದಾ ಅತ್ತೆಯ ಹತ್ತಿರ ಹೋಗಿ ಪಾಟಾ, ಭಾರ, ಸ್ಟೇರಿಂಗು ಎಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟೆ.

ಅತ್ತೆ ಕೈಯ ಕೆಲಸ ಬಿಟ್ಟು ನನ್ನ ಕಡೆ ತಿರುಗಿದರು. “ಇದನ್ನ ಅವತ್ತಾ ಯಾಕ ಬಿಡಿಸಿ ಹೇಳಲಿಲ್ಲ?”

“ನೀವಾ ಬ್ಯಾಡ ಅಂದಿದ್ರಲ್ರಿ.”

“ಅಂದಿದ್ದೆ. ಈಗ ನನಗ ಗಂಡ ಬೇಕು, ಮಗ ಬೇಕು. ಲೆವೆಲ್ ಬ್ಯಾಡ. ಆ ಮೌಲಾನ್ನ ಕರಸು.”

ಮಾವ ಮಧ್ಯಾಹ್ನ ಎರಡರಿಂದ ಮೂರೂವರೆ ಮಲಗುತ್ತಿದ್ದರು. ಇಲಾಖೆಯ ವೇಳೆ, ತಪ್ಪುವಂತಿಲ್ಲ. ಗುರುವಾರ ಎರಡಕ್ಕೆ ಮೌಲಾಸಾಬ ಹಿತ್ತಿಲ ಬಾಗಿಲಿಂದ ಗೋಣಿಚೀಲದ ಸಮೇತ ಬಂದ. “ಸಾಹೇಬ್ರು ಎದ್ರ ನನ್ನ ಪಾಟಾನಾ ಕಿತ್ತು ಹಾಕ್ತಾರ ತಂಗಿ,” ಎಂದು ಗೊಣಗುತ್ತಲೇ ಜಾಕ್ ಕೊಟ್ಟ. ಆದರೆ ಸುತ್ತಿಗೆಯ ಸದ್ದಿಗೆ ಏನು ಮಾಡುವುದು? ಅತ್ತೆ ಒರಳಿನ ಮುಂದೆ ಒಂದು ಮೊರ ಒಣಮೆಣಸಿನಕಾಯಿ ಸುರಿದುಕೊಂಡು ಕೂತರು. “ನಾ ಒಂದು ಹೊಡದ್ರ ನೀ ಒಂದು ಹೊಡಿ,” ಎಂದು ಅವನಿಗೆ ಅಪ್ಪಣೆ ಕೊಟ್ಟು ಕಾರ ಕುಟ್ಟುವ ಹಾರೆ ಎತ್ತಿದರು. ಒಂದು ಏಟು ಒರಳಿಗೆ, ಒಂದು ಏಟು ಪಾಟಾಕ್ಕೆ. ಕಾರದ ಘಾಟಿಗೆ ನಾನು, ಮೌಲಾಸಾಬ, ಗೋಡೆಯಾಚೆಯ ನೆರೆಮನೆಯವರು ಎಲ್ಲ ಸೀನತೊಡಗಿದೆವು.

ಒಳಗಿಂದಲೂ ಒಂದು ಸೀನು. “ಏನದು ಸಪ್ಪಳ?”

“ಕಾರ!” ಎಂದರು ಅತ್ತೆ.

“ಕಾರಕ್ಕ ಕಬ್ಬಿಣದ ಸಪ್ಪಳ ಯಾಕ ಬರ್ತದ?”

“ಹಾರಿ ಕಬ್ಬಿಣದ್ದು! ಮಲ್ಕೋರಿ ಸುಮ್ನ!”

ಮಾವ ಮಲಗಿದರು. ನಾವು ಉಸಿರು ಬಿಟ್ಟೆವು.

ಪಟ್ಟಿ ಸೇರಿತು. ಆದರೆ ಹೊರಡುವ ಮುಂಚೆ ಮಾವ ಅಳೆಯದೆ ಇರುವವರಲ್ಲ. ಹಿಂದೆ ಎರಡಿಂಚು ಏರು ಕಂಡರೆ ಮತ್ತೆ ತೆಗೆಸುತ್ತಾರೆ. ಆಗ ನನ್ನ ತಲೆಗೆ ಒಂದು ಉಪಾಯ ಹೊಳೆಯಿತು. ಗಾಡಿ ಇನ್ನೂ ದಿಮ್ಮಿಯ ಮೇಲಿತ್ತು. ಹಿಂದಿನ ಎರಡು ಸುಣ್ಣದ ಚೌಕಗಳನ್ನು ಸಲಿಕೆಯಿಂದ ಸರಿಯಾಗಿ ಎರಡಿಂಚು ತೋಡಿದೆ. ಗಾಡಿ ಇಳಿಸಿದಾಗ ಹಿಂದಿನ ಗಾಲಿಗಳು ಗುಂಡಿಯಲ್ಲಿ ಕೂತವು. ಸುತ್ತ ಸಗಣಿ ಸಾರಿಸಿ, ಸುಣ್ಣದ ಗೆರೆ ಮತ್ತೆ ಎಳೆದು, ಶುಕ್ರವಾರ ಬಂತಲ್ಲ ಎಂದು ಮೇಲೊಂದು ರಂಗೋಲಿಯನ್ನೂ ಹಾಕಿದೆ. ಅತ್ತೆ ಕಾರದ ಕೈ ಸೊಂಟಕ್ಕಿಟ್ಟು, “ನಿಮ್ಮಪ್ಪ ಲಾರಿ ಇಟ್ಟಿದ್ರೋ, ಕಳ್ಳರ ಗುಂಪು ಇಟ್ಟಿದ್ರೋ?” ಎಂದರು. ಆ ಮನೆಯಲ್ಲಿ ನನಗೆ ಸಿಕ್ಕ ಮೊದಲ ಹೊಗಳಿಕೆ ಅದು.

ಮರುದಿನ ಬೆಳಿಗ್ಗೆ ಮಾವ ದುರ್ಬೀನು ಹೂಡಿದರು. ನನ್ನ ಗಂಡ ಕೋಲು ಹಿಡಿದರು. ನಾನೂ ಅತ್ತೆಯೂ ಅಡಿಗೆಮನೆಯಲ್ಲಿ ಒಬ್ಬರ ಕೈ ಒಬ್ಬರು ಹಿಡಿದು, ಹೊರಗೆ ನೋಡುವ ಧೈರ್ಯವಿಲ್ಲದೆ ಕೂತಿದ್ದೆವು. ಬಹಳ ಹೊತ್ತಾಯಿತು. ಕೊನೆಗೆ ಕಂಬಕ್ಕೆ ಕೇಳಿಸಿತು: “ಲೆವೆಲ್ ಅದ. ಹತ್ರಿ.” ಗಾಡಿ ಶುರು ಮಾಡಿದಾಗ ಹಿಂದಿನ ಗಾಲಿಗಳು ಗುಂಡಿಯಿಂದ ಗಡಕ್ಕನೆ ಎಗರಿ ಹೊರಬಂದವು. ಮಾವ, “ಗಾಡಿಗೆ ಹುರುಪು ಬಂದದ,” ಎಂದರು. ತೋಟದಲ್ಲಿ ಗೊನೆ ತುಂಬಿಕೊಂಡು ಬರುವಾಗ ತೂಬಿನ ತಿರುವಿನಲ್ಲಿ ನಾನು ಕಣ್ಣು ಮುಚ್ಚಿದೆ. ಗಾಡಿ ಎತ್ತಿನ ಹಾಗೆ ವಿನಯದಿಂದ ಎಡಕ್ಕೆ ತಿರುಗಿತು. ಕಂಪ್ಲಿಯಲ್ಲಿ ಗೊನೆ ಇಳಿಸಿದಾಗ ಒಂದು ಹಣ್ಣೂ ಕಂದಿರಲಿಲ್ಲ. ಮಾವ ಸಿಕ್ಕಸಿಕ್ಕವರಿಗೆಲ್ಲ ಇದು ಲೆವೆಲ್ಲಿನ ಮಹಿಮೆ ಎಂದು ವಿವರಿಸುತ್ತಿದ್ದರು. ನಾನೂ ಅತ್ತೆಯೂ ಎಲೆಯ ಮುಂದೆ ಕೂತು ಹೋಳಿಗೆಗಿಂತ ನಗುವನ್ನೇ ಹೆಚ್ಚು ನುಂಗಿದೆವು.

ಎರಡು ದಿನ ಬಿಟ್ಟು ಅಂಗಳ ಗುಡಿಸುವಾಗ ಗುಂಡಿಗಳು ಗಟ್ಟಿಯಾಗಿ ಮುಚ್ಚಿದ್ದವು. ಅತ್ತೆ ಮುಚ್ಚಿರಬೇಕು ಎಂದುಕೊಂಡೆ.

ತಿಂಗಳ ಮೇಲೆ ಮಾವ ಈ ಈಳಿಗೆಮಣೆ ತಂದರು. ಗಾಡಿಯಿಂದ ತೆಗೆದ ಸೀಳಿದ ಪಟ್ಟಿಯನ್ನು ಎಸೆಯದೆ ಇಟ್ಟಿದ್ದರಂತೆ, ಅದನ್ನು ಬಡಿಸಿ ಮಾಡಿಸಿದ್ದು. ಕಂಬದ ಮುಂದೆ ಇಟ್ಟು ಹೇಳಿದರು: “ಆಕಿಗೆ ಕೊಡ್ರಿ. ಲಾರಿ ಮನಿ ಹುಡುಗಿ, ಕಬ್ಬಿಣದ ಗುಣ ಆಕಿಗೇ ಗೊತ್ತು.”

ಅದೇ ಆ ಮುಳ್ಳು. ಎಲ್ಲರೂ ಆಡಿಕೊಂಡದ್ದನ್ನೇ ಇವರೂ ಆಡಿದರಲ್ಲ ಎಂದು ಅವತ್ತು ಹಿತ್ತಿಲಲ್ಲಿ ಕೂತು ಕಣ್ಣೀರು ಹಾಕಿದೆ. ಮೂವತ್ತು ವರ್ಷ ಆ ಈಳಿಗೆಯ ಮೇಲೆ ತರಕಾರಿ ಹೆಚ್ಚಿದೆ, ಒಮ್ಮೆಯೂ ಪ್ರೀತಿಯಿಂದ ಹೆಚ್ಚಲಿಲ್ಲ.

ಮೊನ್ನೆ ಸೀಳಿದ ಮಣೆಯನ್ನು ಬಡಗಿಯ ಹತ್ತಿರ ಒಯ್ದೆ. ಅವನು ಮರ ಬಿಡಿಸಿ ಕಬ್ಬಿಣವನ್ನು ಹೊರಗೆಳೆದ. ಮರದೊಳಗೆ ಹೂತಿದ್ದ ತುದಿಯ ತುಕ್ಕು ಕೆರೆಯುತ್ತ, “ಅಮ್ಮಾ, ಇಲ್ಲೇನೋ ಕೆತ್ಯಾರಲ್ರಿ. ಉಜ್ಜಿ ಬಿಡ್ಲೇನ್ರಿ?” ಎಂದ. ಕನ್ನಡಕ ಹಾಕಿಕೊಂಡು ನೋಡಿದೆ. ಉಳಿಯಿಂದ ಚುಚ್ಚಿ ಚುಚ್ಚಿ ಬರೆದ ಸಣ್ಣ ಅಕ್ಷರ:

ನೆಲ ಕಡಿಮೆ ೨. ಗಾಡಿ ಹೆಚ್ಚು ೨.

ಪಕ್ಕದಲ್ಲಿ ಒಂದು ಸರಿಗುರುತು. ಕೆಳಗೆ ‘ಗು’.

ಬಡಗಿಯ ಅಂಗಡಿಯ ಬೆಂಚಿನ ಮೇಲೆ ಕೂತುಬಿಟ್ಟೆ. ನೆಲವನ್ನು ಮೊದಲ ದಿನವೇ ಅಳೆದಿಟ್ಟ ಮನುಷ್ಯನಿಗೆ ಗುಂಡಿ ತೋಡಿ ಮೋಸ ಮಾಡಲು ಹೋಗಿದ್ದೆನಲ್ಲ! ಮನೆಗೆ ಬಂದು ಗಂಡನನ್ನು ಕೇಳಿದೆ. ಅವರು ಪೇಪರಿನಿಂದ ತಲೆಯೆತ್ತದೆ, “ಹೌದಲ್ಲ, ಕಂಪ್ಲಿಗೆ ಹೋದ ದಿನ ಅಪ್ಪ ನೆಲಕ್ಕೂ ಕೋಲು ಹಿಡಿಸಿದ್ರು. ಭಾಳ ನಕ್ರು. ನೀ ಕೇಳಲಿಲ್ಲ, ನಾ ಹೇಳಲಿಲ್ಲ,” ಎಂದರು. ಮೂವತ್ತು ವರ್ಷ ಇಂಥವರ ಜೊತೆ ಸಂಸಾರ ಮಾಡಿದ್ದೇನೆ ಎಂಬುದನ್ನು ನೀವು ಗಮನಿಸಬೇಕು.

ಅತ್ತೆಗೀಗ ಎಂಬತ್ತು ದಾಟಿದೆ, ಕಿವಿ ಮಂದ. ಮಂಚದ ಹತ್ತಿರ ಕೂತು ಕೂಗಿ ಹೇಳಿದೆ.

“ಗುಂಡಿ ಮುಚ್ಚಿದ್ದು ನೀನಲ್ಲಾ?” ಎಂದರು.

“ನೀವಂತ ತಿಳಕೊಂಡಿದ್ದೆ ಅತ್ಯಾರ.”

ಅವರು ಕಬ್ಬಿಣವನ್ನು ತೊಡೆಯ ಮೇಲಿಟ್ಟುಕೊಂಡು ಆ ಅಕ್ಷರದ ಮೇಲೆ ಬೆರಳಾಡಿಸಿದರು. ನಗುತ್ತಾರೋ ಅಳುತ್ತಾರೋ ಎಂದು ನಾನು ನೋಡುತ್ತಿದ್ದೆ. “ಕಾರ ಕುಟ್ಟಿದಾಕಿ ಈ ಸುಶೀಲಾಬಾಯಿ,” ಎಂದರು ಕೊನೆಗೆ. “ವಾರಗಟ್ಲೆ ಕೈ ಉರೀತು. ಸಹಿ ಮಾತ್ರ ಸೊಸಿಗೆ!”

ಹೊಸ ಮಣೆ ನಿನ್ನೆ ಬಂತು. ಅಕ್ಷರ ಹೊರಗೆ ಕಾಣುವ ಹಾಗೆ ಕೂರಿಸಲು ಹೇಳಿದ್ದೆ. ಅದೇ ಕುಂಬಳಕಾಯಿ ಹೆಚ್ಚಿ ಹುಳಿ ಮಾಡಿದೆ. ಅತ್ತೆಗೆ ಬಡಿಸಿದೆ. ಅವರೂ ಬಾಯಿ ಬಿಟ್ಟು ಚೆನ್ನಾಗಿದೆ ಎಂದವರಲ್ಲ. ಈ ಮನೆಯ ನೀರಿನ ಗುಣವೇ ಹಾಗೆ. ತಟ್ಟೆ ಎತ್ತಲು ಹೋದಾಗ ನನ್ನ ಕೈ ತಡೆದರು. ಬೆರಳನ್ನು ಹುಳಿಯಲ್ಲಿ ಅದ್ದಿ, ತಟ್ಟೆಯ ಅಂಚಿನ ಮೇಲೆ ಒಂದು ಸರಿಗುರುತು ಎಳೆದು, ಅದರ ಕೆಳಗೆ ‘ಸು’ ಎಂದು ಬರೆದರು.

ಸಂಜೆಯಾದರೂ ಆ ತಟ್ಟೆ ತೊಳೆಯಲು ನನಗೆ ಮನಸ್ಸು ಬರಲಿಲ್ಲ.